ಕಾಗದದ ಮೇಲಿನ ಇಂಗ್ಲಿಷು



ಇಂಗ್ಲಿಷಿನಲ್ಲಿ ಮಾತನಾಡುವುದನ್ನು ಕಲಿಸಲು ನಾವು ಇಲ್ಲಿ ನಿಂತಿಲ್ಲ. ಅದನ್ನು ನಮ್ಮ ಮಾಣಿಗಳು ಯಾವ ಶಾಲೆಗೂ ಹೋಗದೆ ಗಿರಾಕಿಗಳಿಂದಲೇ ಕಲಿತಿದ್ದಾರೆ. 'ಬಫೆ' ಎಂಬ ಮಾತಿನ ಕೊನೆಗೆ ಒಂದು 'ಟಿ' ಅಕ್ಷರವಿದೆ. ಕಿವಿಯಿಂದ ಕಲಿತವರು ಸರಿಯಾಗಿ ಬಫೆ ಎನ್ನುತ್ತಾರೆ. ಓದಿಕೊಂಡವರೇ 'ಬಫೆಟ್' ಎಂದು ಎಡವುವುದು! ನಮ್ಮನ್ನು ಕಾಡುವುದು ಬಾಯಿಮಾತಿನ ಇಂಗ್ಲಿಷಲ್ಲ, ಕೆಲಸ ಬಿಡುವ ದಿನ ರುಜು ಹಾಕಲು ಮುಂದಿಡುವ ಕಾಗದದ ಇಂಗ್ಲಿಷು.

ಕನ್ನಡದಲ್ಲಿ ಬರೆದಂತೆ ಓದುತ್ತೇವೆ. ಇಂಗ್ಲಿಷಿನಲ್ಲಿ ಹಾಗಿಲ್ಲ. ಸಾಲಕ್ಕೆ 'ಡೆಟ್' ಎನ್ನುತ್ತಾರೆ, ಬರೆಯುವಾಗ ನಡುವೆ ಒಂದು 'ಬಿ' ಸೇರಿಸುತ್ತಾರೆ. 'ರಿಸೀಟ್' ಎಂಬಲ್ಲಿ ಒಂದು 'ಪಿ' ಸುಮ್ಮನೆ ಕುಳಿತಿದೆ. ಈ ಮಾತುಗಳು ಲ್ಯಾಟಿನ್ ಕುಲದವು ಎಂದು ತೋರಿಸಲು ಹಿಂದಿನ ಪಂಡಿತರು ಸೇರಿಸಿದ ಅಕ್ಷರಗಳಿವು. ನಮ್ಮ 'ರಶೀದಿ' ಮಾತ್ರ ರಿಸೀಟಿನಿಂದ ಬಂದದ್ದಲ್ಲ. ಅದು ಪಾರಸಿಯ ಮಾತು, ತಲುಪಿತು ಎಂದು ಅರ್ಥ. ಹಣ ತಲುಪುವ ಮೊದಲೇ 'ತಲುಪಿತು' ಎಂದು ರುಜು ಹಾಕಿದವರು ನಮ್ಮಲ್ಲಿ ಎಷ್ಟು ಮಂದಿ!

ಈಗ ಆ ಕಾಗದಕ್ಕೆ ಬರೋಣ. 'ಇನ್ ಲ್ಯೂ ಆಫ್ ನೋಟೀಸ್' ಎಂದು ಅದರಲ್ಲಿ ಬರೆದಿರುತ್ತದೆ. ಅಕ್ಷರ ಹಿಡಿದು ಓದಿದರೆ 'ಲಿಯು' ಆಗುತ್ತದೆ. ಫ್ರೆಂಚಿನಿಂದ ಬಂದ ಈ ಮಾತಿನ ಉಚ್ಚಾರ ಲ್ಯೂ, ಅರ್ಥ 'ಬದಲಿಗೆ'. ಇದರ ಜೊತೆಗಾರ 'ರಿಟ್ರೆಂಚ್‌ಮೆಂಟ್'. ತಪ್ಪಿಗೆ ಶಿಕ್ಷೆಯಾಗಿ ಅಲ್ಲದೆ, ಆಳು ಹೆಚ್ಚಾಯಿತೆಂದು ತೆಗೆಯುವುದಕ್ಕೆ ಈ ಹೆಸರು. 1947ರ ಕೈಗಾರಿಕಾ ವಿವಾದ ಕಾಯಿದೆಗೆ 1953ರಲ್ಲಿ ಮಾಡಿದ ತಿದ್ದುಪಡಿಯು, ಒಂದು ವರ್ಷ ಎಡೆಬಿಡದೆ ದುಡಿದವನನ್ನು ಹೀಗೆ ತೆಗೆಯಬೇಕಾದರೆ ಒಂದು ತಿಂಗಳ ನೋಟೀಸು ಅಥವಾ ಅದರ ಬದಲಿಗೆ ಸಂಬಳ, ಜೊತೆಗೆ ದುಡಿದ ಪ್ರತಿ ವರ್ಷಕ್ಕೆ 15 ದಿನದ ವೇತನ ಕೊಡಬೇಕೆಂದಿತು. ಹೊಸ ಸಂಹಿತೆಯಲ್ಲಿಯೂ ಇದು ಉಳಿದಿದೆ. ಆದರೆ ಕಾಗದದಲ್ಲಿ 'ರೆಸಿಗ್ನೇಷನ್' ಎಂದಿದ್ದರೆ ನೀವಾಗಿಯೇ ಬಿಟ್ಟಿರೆಂದಾಯಿತು. ಈ ಪರಿಹಾರದ ಮಾತೇ ಏಳುವುದಿಲ್ಲ.

ನಮ್ಮ ಹೈದರಾಬಾದಿನಲ್ಲಿ ಇನ್ನೊಂದು ಪೇಚು ಇದೆ. ಉರ್ದುವಿನಲ್ಲಿ 'ರಾಜೀನಾಮಾ' ಎಂದರೆ ಒಪ್ಪಂದಪತ್ರ, ಕೆಲಸ ಬಿಡುವುದಕ್ಕೆ 'ಇಸ್ತೀಫಾ'. ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ರಾಜೀನಾಮೆಯೆಂದರೆ ಕೆಲಸ ಬಿಡುವುದೇ! ಆದ್ದರಿಂದ ಮುನ್ಷಿಯವರು ಬಾಯಲ್ಲಿ ಏನೇ ಹೇಳಲಿ, ಕಾಗದದಲ್ಲಿ ಏನು ಬರೆದಿದೆಯೆಂದು ಓದಿಸಿ ಕೇಳಬೇಕು.

ಇನ್ನು 'ಗ್ರಾಚುಟಿ'. ಇಂಗ್ಲಿಷಿನವರು 'ಗ್ರಟ್ಯೂಯಿಟಿ' ಎಂದು ಎರಡನೆಯ ಅಕ್ಷರದ ಮೇಲೆ ಒತ್ತು ಹಾಕುತ್ತಾರೆ. ನಾವು ಗ್ರಾಚುಟಿ ಎಂದರೆ ಗುಮಾಸ್ತರು ನಗಬಹುದು. ನಗಲಿ, ಲೆಕ್ಕ ಕೊಡಲಿ. ಈ ಮಾತಿನ ಮೂಲಾರ್ಥ ಇನಾಮು. ದೊಡ್ಡ ಹೋಟೆಲುಗಳ ಬಿಲ್ಲಿನಲ್ಲಿ ಗಿರಾಕಿ ಕೊಡುವ ಟಿಪ್ಸಿಗೂ ಇದೇ ಹೆಸರು. ಇದರ ದಾಯಾದಿ 'ಎಕ್ಸ್ ಗ್ರೇಷಿಯ', ಅಂದರೆ 'ಕೃಪೆಯಿಂದ'. ಒಂದೇ ಲ್ಯಾಟಿನ್ ಬೇರಿನ ಈ ಎರಡರಲ್ಲಿ ಒಂದರ ಹಣೆಬರಹವನ್ನು 1972ರ ಗ್ರಾಚುಟಿ ಕಾಯಿದೆ ಬದಲಿಸಿತು. ಎಕ್ಸ್ ಗ್ರೇಷಿಯ ಇಂದಿಗೂ ಧಣಿಯ ಮನಸ್ಸು, ಕೊಟ್ಟರುಂಟು ಬಿಟ್ಟರಿಲ್ಲ. ಗ್ರಾಚುಟಿ ಹೆಸರಿಗೆ ಇನಾಮಾದರೂ ಹಕ್ಕು. ಹತ್ತು ಮಂದಿ ದುಡಿಯುವ ಹೋಟೆಲಿಗೂ ಅದು ಅನ್ವಯಿಸಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಅದು ಮುಂದುವರಿದಿದೆ. ಸಾಮಾನ್ಯವಾಗಿ ಐದು ವರ್ಷದ ಸೇವೆ ಬೇಕು. ಗೊತ್ತಾದ ಅವಧಿಗೆ ನೇಮಕವಾದವರಿಗೆ ಈಗ ಒಂದೇ ವರ್ಷ ಸಾಕು.

ಲೆಕ್ಕ ಕಷ್ಟವಲ್ಲ. ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ದುಡಿದ ವರ್ಷಗಳಿಂದ ಗುಣಿಸಿರಿ. 13,000 ರೂಪಾಯಿಯವನಿಗೆ ದಿನಕ್ಕೆ 500, ವರ್ಷಕ್ಕೆ 7,500, ಎಂಟು ವರ್ಷಕ್ಕೆ 60,000. ಅಷ್ಟು ಬರಬೇಕಾದವನ ಕೈಗೆ ಹತ್ತು ಸಾವಿರವಿಟ್ಟು 'ಎಕ್ಸ್ ಗ್ರೇಷಿಯ' ಎಂದು ಬರೆದು, ಕೆಳಗೆ 'ಫುಲ್ ಅಂಡ್ ಫೈನಲ್' ಎಂದು ಸೇರಿಸಿದರೆ, ಅವನು ಕೈಮುಗಿದು ಹೊರಡುತ್ತಾನೆ. ಧಣಿ ದೊಡ್ಡ ಮನಸ್ಸಿನವನೆಂದು ಊರಲ್ಲಿ ಹೇಳಿಕೊಳ್ಳುವುದೂ ಉಂಟು!

ಇಂಗ್ಲಿಷು ನಮ್ಮಿಂದ ತೆಗೆದುಕೊಂಡ ಮಾತೂ ಒಂದಿದೆ. ಗಿರಣಿಯ 'ಬದಲಿ' ಆಳು 1947ರ ಆ ಕಾಯಿದೆಯ ಇಂಗ್ಲಿಷಿನಲ್ಲಿ 'ಬದ್ಲಿ ವರ್ಕ್‌ಮನ್' ಆಗಿ ಸೇರಿದ. ಮಸ್ಟರಿನಲ್ಲಿ ಕಾಯಂ ಆಳಿನ ಹೆಸರಿದ್ದು, ಅವನ ಜಾಗದಲ್ಲಿ ದುಡಿಯುವವನು ಎಂದು ಅರ್ಥವನ್ನೂ ಅಲ್ಲೇ ಕೊಟ್ಟರು. ಹೀಗೆ ಒಂದು ವರ್ಷ ಎಡೆಬಿಡದೆ ದುಡಿದವನನ್ನು ಬದಲಿಯೆಂದು ಎಣಿಸಕೂಡದೆಂದೂ ಅಲ್ಲಿಯೇ ಬರೆದಿತ್ತು.

'ನಾಮಿನಿ', 'ಲೀಅನ್', 'ಅರಿಯರ್ಸ್' ಇನ್ನೂ ಉಳಿದಿವೆ. ಮುಂದಿನ ಸಲ ಬರುವಾಗ ನಿಮ್ಮ ಮನೆಯ ಪೆಟ್ಟಿಗೆಯಲ್ಲಿರುವ ಕಾಗದಗಳನ್ನು ತನ್ನಿರಿ, ಅವುಗಳನ್ನೇ ಓದೋಣ.