ಮೊಬೈಲ್ ಮತ್ತು ನಮ್ಮ ಮಕ್ಕಳು
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟ್ ಪರವಾಗಿ ಆಡಿದ ಮಾತುಗಳು)



2020ರಲ್ಲಿ ಶಾಲೆಗಳು ಮುಚ್ಚಿದಾಗ, ಪಾಠ ನಿಲ್ಲಬಾರದೆಂದು ಮಕ್ಕಳಿಗೆ ಮೊಬೈಲ್ ಕೊಡಿಸಿ ಎಂದವರು ನಾವೇ. ಶಾಲೆ ತೆರೆಯಿತು, ಮೊಬೈಲ್ ಕೈಯಲ್ಲೇ ಉಳಿಯಿತು. ಈ ಸಲ ಅರ್ಜಿದಾರರ ಮನೆಗಳಿಗೆ ಹೋದಾಗ ತಾಯಂದಿರು ಫೀಸಿಗಿಂತ ಹೆಚ್ಚು ಇದನ್ನೇ ಹೇಳಿಕೊಂಡರು: ರಾತ್ರಿ ಮಲಗುವುದಿಲ್ಲ, ಫಜರ್‌ಗೆ ಏಳುವುದಿಲ್ಲ.

ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಅದು ತಪ್ಪಿದರೆ ಓದಿದ್ದು ನೆನಪಿನಲ್ಲಿ ನಿಲ್ಲುವುದಿಲ್ಲ, ಸಿಡುಕು ಹೆಚ್ಚುತ್ತದೆ. ಹಾಗೆಂದು ಮೊಬೈಲ್ ಕಿತ್ತುಕೊಂಡರೆ ಆಗದು. ವಿದ್ಯಾರ್ಥಿವೇತನದ ಅರ್ಜಿ, ಫಲಿತಾಂಶ ಎಲ್ಲವೂ ಅದರಲ್ಲೇ. ಇಶಾ ನಮಾಝಿನ ಬಳಿಕ ಮನೆಯವರೆಲ್ಲರ ಮೊಬೈಲ್ ಹಾಲಿನಲ್ಲಿ ಒಂದೇ ಕಡೆ ಚಾರ್ಜಿಗೆ ಹಾಕಿ. ಮೊದಲು ತಂದೆಯದು ಇಡಲಿ.

ಯಾರಾದರೂ ಫೋಟೋ ಇಟ್ಟುಕೊಂಡು ಬೆದರಿಸಿದರೆ, ಹಣ ಕೇಳಿದರೆ, ಮಗು ಹೆದರದೆ ನಿಮಗೇ ಹೇಳುವಂತಿರಬೇಕು. ಹೊಡೆಯಬೇಡಿ, ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮನಸ್ಸು ಕುಗ್ಗಿದ್ದರೆ ಟೆಲಿ ಮಾನಸ್ 14416 ಉಚಿತವಾಗಿದೆ, ಕನ್ನಡದಲ್ಲೇ ಮಾತಾಡಬಹುದು. ಗೀಳು ಕೈಮೀರಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಕ್ಲಿನಿಕ್ ಇದೆ.

ದಾನಿಗಳ ಹಣದಿಂದ ನಾವು ಫೀಸು ಕಟ್ಟಬಲ್ಲೆವು. ಮಗುವಿನ ಪಕ್ಕದಲ್ಲಿ ಕುಳಿತು ಮಾತಾಡುವುದು ನಿಮ್ಮಿಂದಲೇ ಆಗಬೇಕು. ಮಕ್ಕಳು ನಮ್ಮೆಲ್ಲರ ಕೈಯಲ್ಲಿರುವ ಅಮಾನತ್. ಅಲ್ಲಾಹನು ಅದನ್ನು ಕಾಪಾಡುವ ತೌಫೀಕ್ ನೀಡಲಿ. ಆಮೀನ್.