ನಾಚಿಕೆ ಯಾರಿಗೆ?

(ಪೀಣ್ಯದ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಪೀಣ್ಯದಲ್ಲಿ ಸಭೆಯೆಂದರೆ ಕೂಲಿ, ಬೋನಸ್ಸು, ಮನೆ ಬಾಡಿಗೆಗಳ ಮಾತೇ ಆಗಬೇಕೆಂಬುದು ವಾಡಿಕೆ. ಇಂದು ನಾವು ಒಂದು ಶಬ್ದದ ಮಾತನ್ನೆತ್ತಿದ್ದೇವೆ. ಬೇಸರಿಸಬೇಡಿರಿ; ಕೂಲಿಗೂ ಅದಕ್ಕೂ ಸಂಬಂಧವುಂಟು.

ಆ ಶಬ್ದ 'ನಾಚಿಕೆ'. ಅಚ್ಚಗನ್ನಡದ ಮಾತು. ಹೊಸಬರೆದುರು ತಲೆ ತಗ್ಗಿಸುವ ಹುಡುಗಿಗೂ ನಾಚಿಕೆ. ಲಂಚ ತಿಂದು ಸಿಕ್ಕಿಬಿದ್ದವನಿಗೂ ನಾಚಿಕೆ. (ಎರಡನೆಯವನು ನಾಚಿದ್ದನ್ನು ಕಂಡವರು ವಿರಳ, ಆ ಮಾತು ಬೇರೆ.) ಇಂಗ್ಲಿಷಿನವರು ಮೊದಲನೆಯದನ್ನು 'ಶೈ' ಎಂದೂ ಎರಡನೆಯದನ್ನು 'ಶೇಮ್' ಎಂದೂ ಬೇರ್ಪಡಿಸಿಕೊಂಡಿದ್ದಾರೆ. ಒಂದು ಸ್ವಭಾವ, ಇನ್ನೊಂದು ತಪ್ಪಿನ ಅರಿವು. ನಮ್ಮಲ್ಲಿ ಎರಡಕ್ಕೂ ಒಂದೇ ಹೆಸರು. ಆದ್ದರಿಂದಲೇ ಏನೋ, ತಪ್ಪು ಮಾಡದವನೂ ತಪ್ಪಿತಸ್ಥನಂತೆ ನಿಲ್ಲುವ ಅಭ್ಯಾಸ ನಮಗೆ ಅಂಟಿದೆ.

'ಸಂಕೋಚ' ಸಂಸ್ಕೃತದಿಂದ ಬಂದದ್ದು. ಕುಗ್ಗುವುದೆಂದು ಅದರ ಮೂಲಾರ್ಥ. ಓವರ್‌ಟೈಮಿನ ಲೆಕ್ಕ ಕೇಳಹೋದವನು ಮೇಜಿನ ಮುಂದೆ ಮುಟ್ಟಿದರೆ ಮುನಿ ಗಿಡದಂತೆ ಮುದುಡುತ್ತಾನಲ್ಲ, ಅದೇ. 'ದಾಕ್ಷಿಣ್ಯ'ವೆಂಬುದನ್ನು ಅಂಗಡಿಯವರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಮೂರು ತಿಂಗಳ ಬಾಕಿಯವನು ಬಂದು ಇನ್ನೊಂದು ಕಿಲೋ ಅಕ್ಕಿ ಕೇಳಿದರೆ ಬಾಯಿಗೆ ಬಾರದ 'ಇಲ್ಲ'ವೇ ದಾಕ್ಷಿಣ್ಯ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ತಾವಿಲ್ಲವೆಂದು ಹಿರಿಯರು ಸುಮ್ಮನೆ ಅಂದರೆ?

ಇನ್ನು ಗಾರ್ಮೆಂಟ್ಸ್ ಹೆಂಗಸರ ವಿಷಯ. ಶೌಚಕ್ಕೆ ಹೋಗಬೇಕೆಂದು ಗಂಡಸು ಸೂಪರ್‌ವೈಸರನನ್ನು ಕೇಳಲು ನಾಚಿ, ಹಗಲೆಲ್ಲ ನೀರು ಕುಡಿಯದೆ ಹೊಲಿಯುವವರು ಈ ಸಭೆಯಲ್ಲೇ ಇದ್ದಾರೆ. ಕೆಲಸದ ಹೊತ್ತಿನಲ್ಲೆಲ್ಲ ಶೌಚಾಲಯ ಕೈಗೆಟುಕುವಂತಿರಬೇಕೆಂದು 1948ರ ಫ್ಯಾಕ್ಟರಿ ಕಾಯಿದೆಯೇ ವಿಧಿಸಿತ್ತು. ಹೀಗಿರುವಾಗ ನಾಚಬೇಕಾದವರು ಯಾರು? ಕೇಳಿದವಳಿಗೇ "ನಾಚಿಕೆಯಾಗೋಲ್ವೆ?" ಎಂಬ ಬೈಗುಳ!

ಇವರನ್ನೇ 'ನಾಚಿಕೆ ಸ್ವಭಾವದವರು, ಯೂನಿಯನ್ನಿಗೆ ಬಾರದವರು' ಎಂದು ಎಲ್ಲರೂ ಹೇಳುತ್ತಿದ್ದರು. ನಾವೂ ಹೇಳಿದ್ದೆವು. 2016ರ ಫೆಬ್ರವರಿ 10ರಂದು ಕೇಂದ್ರ ಸರ್ಕಾರದ ಅಧಿಸೂಚನೆ ಬಂತು: ಪ್ರಾವಿಡೆಂಟ್ ಫಂಡಿನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ. ಕೆಲಸ ಬಿಟ್ಟಾಗ ಮಗಳ ಮದುವೆಗೋ ಸಾಲಕ್ಕೋ ಒದಗುತ್ತಿದ್ದ ಗಂಟು ಅದು. ಏಪ್ರಿಲ್ 18ರಂದು ಬೊಮ್ಮನಹಳ್ಳಿಯ ಬಳಿ ಹೊಸೂರು ರಸ್ತೆಗೆ ಸಾವಿರಾರು ಹೆಂಗಸರು ಇಳಿದರು. ಯಾವ ಯೂನಿಯನ್ನೂ ಕರೆದಿರಲಿಲ್ಲ. ಮರುದಿನ ಅದು ನಮ್ಮ ಪೀಣ್ಯಕ್ಕೂ ಜಾಲಹಳ್ಳಿ ಕ್ರಾಸಿಗೂ ಹಬ್ಬಿತು. ಬಸ್ಸುಗಳು ಸುಟ್ಟವು, ಲಾಠಿಯೇಟು ಬಿತ್ತು. ಅದನ್ನು ನಾವು ಮುಚ್ಚಿಡುವುದಿಲ್ಲ. 19ರಂದೇ ಸರ್ಕಾರ ಅಧಿಸೂಚನೆಯನ್ನು ಹಿಂತೆಗೆದುಕೊಂಡಿತು.

ಎರಡು ದಿನದ ಹಿಂದೆ ನೀರು ಕುಡಿಯಲು ಅಂಜುತ್ತಿದ್ದವರು ಅವರೇ. ಅವರ ಸ್ವಭಾವ ಎರಡು ದಿನದಲ್ಲಿ ಬದಲಾಯಿತೆಂದು ನಾವು ನಂಬುವುದಿಲ್ಲ. ಸ್ವಭಾವವೆಂದು ನಾವು ಹೆಸರಿಟ್ಟದ್ದು ಒಬ್ಬೊಬ್ಬರೇ ನಿಂತಾಗಿನ ಭಯವಾಗಿತ್ತು.

ಸಭೆ ಮುಗಿದೊಡನೆ ಹೊರಡಬೇಡಿರಿ. ಸಂಬಳದ ಚೀಟಿ ತಂದವರು ಹಿಂದಿನ ಬೆಂಚಿಗೆ ಬನ್ನಿರಿ. ಓದಲು ಬಾರದಿದ್ದರೆ ಓದಿ ಹೇಳುವವರು ಅಲ್ಲಿ ಕೂತಿದ್ದಾರೆ.