ಮಣಿದದ್ದು ಒಪ್ಪಿದ್ದಲ್ಲ



ನಾವು ಬಿ.ಎ. ಓದಿದವರು, ಲಾ ಓದಿದವರಲ್ಲ. ಕಾನೂನು ಅಂದ್ರೆ ದಿಲ್ಲಿಯಲ್ಲಿ ಹುಟ್ಟಿ ಲಾಠಿ ಹಿಡಿದು ನಮ್ಮ ಕೇರಿಗೆ ಬರುವ ವಸ್ತು ಅಂತಲೇ ತಿಳಿದು ಬೆಳೆದೆವು. ಅದನ್ನು ಕಾಲೇಜಿನಲ್ಲಿ ಪಾಠ ಹೇಳುವ ಮೇಷ್ಟ್ರುಗಳಿಂದ ಏನಾದೀತು ಅಂತ ನಕ್ಕಿದ್ದೂ ಉಂಟು. ಇವತ್ತು ಒಂದೇ ಸಂಗತಿ ಹೇಳ್ತೀವಿ, ಕೇಳಿ.

1972ರ ಮಾರ್ಚ್. ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆ. ಒಂದು ದೂರಿನ ವಿಚಾರಣೆಗೆ ಬಂದಿದ್ದ ಆದಿವಾಸಿ ಕೂಲಿ ಹುಡುಗಿಯನ್ನು ರಾತ್ರಿ ಒಳಗೇ ನಿಲ್ಲಿಸಿಕೊಂಡರು. ಮನೆಯವರು ಹೊರಗೆ ಕಾಯುತ್ತಿದ್ದರು. ಅತ್ಯಾಚಾರದ ಕೇಸಿನಲ್ಲಿ ಇಬ್ಬರು ಪೊಲೀಸರನ್ನು ಕೆಳಕೋರ್ಟು ಬಿಟ್ಟಿತು. ಹೈಕೋರ್ಟು ಶಿಕ್ಷೆ ಕೊಟ್ಟಿತು. 1978ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಮತ್ತೆ ಬಿಟ್ಟಿತು. ಮೈಮೇಲೆ ಗಾಯವಿಲ್ಲ, ಎದುರಿಸಿದ ಗುರುತಿಲ್ಲ. ಆದ್ದರಿಂದ ಅವಳು ಒಪ್ಪಿದ್ದಳು ಎಂಬುದು ಅದರ ತರ್ಕ!

ತೀರ್ಪು ಕಾನೂನು ಪುಸ್ತಕದಲ್ಲಿ ಅಚ್ಚಾಯಿತು. ಎಷ್ಟೋ ಜನ ಓದಿ ಪುಟ ತಿರುಗಿಸಿರಬೇಕು. ನಾಲ್ವರು ಅಧ್ಯಾಪಕರಿಗೆ ಮಾತ್ರ ತಿರುಗಿಸಲಾಗಲಿಲ್ಲ. ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಗಮ್ವಾರ್, ರಘುನಾಥ ಕೇಳ್ಕರ್ 1979ರ ಸೆಪ್ಟೆಂಬರಿನಲ್ಲಿ ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ಮಣಿಯುವುದು ಬೇರೆ, ಒಪ್ಪುವುದು ಬೇರೆ ಎಂಬುದು ಆ ಪತ್ರದ ತಿರುಳು.

ಇದು ನಮಗೆ ಹೊಸದೇ? ಒಡೆಯನ ಮುಂದೆ ಅಪ್ಪ ಕೈಕಟ್ಟಿ ನಿಂತದ್ದು ಜೀತಕ್ಕೆ ಒಪ್ಪಿಯೇನು? ಕೇರಿಗೆ ಗೊತ್ತಿದ್ದ ಸತ್ಯವನ್ನು ಕೋರ್ಟಿಗೆ ಕೇಳಿಸುವ ಭಾಷೆಯಲ್ಲಿ ಅವರು ಬರೆದರು, ಅಷ್ಟೆ.

ಕೋರ್ಟು ಕದಲಲಿಲ್ಲ. ಆದರೆ ಪತ್ರ ಕೈಯಿಂದ ಕೈಗೆ ಹೋಯಿತು. 1980ರಲ್ಲಿ ಹೆಂಗಸರು ಬೀದಿಗಿಳಿದರು. ಅದೇ ವರ್ಷ ಕಾನೂನು ಆಯೋಗ ತನ್ನ 84ನೇ ವರದಿ ಕೊಟ್ಟಿತು. 1983ರಲ್ಲಿ ಪಾರ್ಲಿಮೆಂಟು ಕಾನೂನು ತಿದ್ದಿತು. ಪೊಲೀಸರ ವಶದಲ್ಲಿದ್ದ ಹೆಣ್ಣಿನೊಡನೆ ಸಂಭೋಗ ನಡೆದದ್ದು ರುಜುವಾತಾಗಿ, ತಾನು ಒಪ್ಪಿರಲಿಲ್ಲ ಎಂದು ಅವಳು ಕೋರ್ಟಿನಲ್ಲಿ ಹೇಳಿದರೆ, ಒಪ್ಪಿರಲಿಲ್ಲವೆಂದೇ ಕೋರ್ಟು ಭಾವಿಸಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಈ ಮಾತು ಉಳಿದಿದೆ.

ಹಾಗಂತ ಪತ್ರವೊಂದೇ ಎಲ್ಲ ಮಾಡಿತು ಅನ್ನಬೇಡಿ. ಬೀದಿ ಇಲ್ಲದಿದ್ದರೆ ಪತ್ರ ಕಪಾಟಿನಲ್ಲಿ ಗೆದ್ದಲು ಹಿಡೀತಿತ್ತು. ಪತ್ರ ಇಲ್ಲದಿದ್ದರೆ ಬೀದಿಗೆ ಆ ತೀರ್ಪಿನ ಸುದ್ದಿಯೇ ತಲುಪುತ್ತಿರಲಿಲ್ಲವೇನೋ. ಇನ್ನೂ ಒಂದು ಮಾತು: ಕಾನೂನು ಬದಲಾಯಿತು, ಆ ಹುಡುಗಿಯ ಕೇಸಿನ ತೀರ್ಪು ಬದಲಾಗಲಿಲ್ಲ. ಅವಳ ನೋವಿನ ಮೇಲೆ ಬೇರೆಯವರಿಗೆ ನೆರಳಾಯಿತು.

ಹಾಸ್ಟೆಲಿನ ತಮ್ಮಂದಿರೇ, ತಂಗಿಯರೇ, ನಿಮ್ಮಲ್ಲಿ ಲಾ ಓದುವವರಿದ್ದೀರಿ. ಪರೀಕ್ಷೆಗೆ ತೀರ್ಪುಗಳನ್ನು ಬಾಯಿಪಾಠ ಮಾಡ್ತೀರಿ. ಮುಂದಿನ ಸಲ ಓದುವಾಗ, ಠಾಣೆಯ ಹೊರಗೆ ಕತ್ತಲಲ್ಲಿ ಕಾಯುತ್ತಿದ್ದವರ ಪಕ್ಕದಲ್ಲಿ ನಿಂತು ಓದಿ. ಸುಳ್ಳು ಕಂಡರೆ ಪುಟ ತಿರುಗಿಸಬೇಡಿ. ಬರೆಯಿರಿ.

ಜೈ ಭೀಮ್.